ಪ್ರತಿಕ್ರಿಯೆ: ಕಂಪೈಲರ್‌ನಲ್ಲಿ ಇನ್ನೂ ಸಂಶೋಧನೆ ಮಾಡೋಕೆ ಏನಿದೆ?

"ಕಂಪೈಲರ್‌ಗಳು ಆಗಲೇ ಇವೆಯಲ್ಲ, ಐದಾರು ವರ್ಷ ಪಿಎಚ್‌ಡಿ ಮಾಡುವಷ್ಟು ಏನು ಉಳಿದಿದೆ" ಅಂತ ಕೇಳಿದ್ದೀರಿ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನಮ್ಮ ಮಾವನದೂ ಇದೇ ಪ್ರಶ್ನೆ. ಕಂಪೈಲರ್ ಅಂದರೆ ನಾವು ಬರೆದ ಕೋಡನ್ನು ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುವ ಪ್ರೋಗ್ರಾಂ.

ಒಂದು ಪ್ರಯೋಗ ಮಾಡಿ. ಸಿ ಭಾಷೆಯಲ್ಲಿ ಎರಡು ದೊಡ್ಡ ಮ್ಯಾಟ್ರಿಕ್ಸ್ (ಸಂಖ್ಯೆಗಳ ಚೌಕಟ್ಟು) ಗುಣಿಸಿ, ಪುಸ್ತಕದಲ್ಲಿರುವ ಹಾಗೆ ಐ, ಜೆ, ಕೆ ಅಂತ ಒಂದರೊಳಗೊಂದು ಮೂರು ಲೂಪ್ (ಮತ್ತೆ ಮತ್ತೆ ನಡೆಯುವ ಕೋಡ್). ಆಮೇಲೆ ಒಳಗಿನ ಎರಡನ್ನು ಅದಲುಬದಲು ಮಾಡಿ. ಉತ್ತರ ಅದೇ, ಸಮಯ ಮಾತ್ರ ಎಷ್ಟೋ ಕಡಿಮೆ. ಪ್ರೊಸೆಸರ್ ಮೆಮೊರಿಯಿಂದ ಸಾಮಾನ್ಯವಾಗಿ 64 ಬೈಟ್, ಅಂದರೆ 8 ಡಬಲ್ (ತಲಾ 8 ಬೈಟಿನ ದಶಮಾಂಶ ಸಂಖ್ಯೆ) ಒಟ್ಟಿಗೆ ತರುತ್ತದೆ. ಮೊದಲ ಕೋಡ್ ಎರಡನೇ ಮ್ಯಾಟ್ರಿಕ್ಸನ್ನು ಮೇಲಿಂದ ಕೆಳಕ್ಕೆ ಓದುವುದರಿಂದ ಅದರಲ್ಲಿ ಒಂದನ್ನು ಬಳಸಿ, ಉಳಿದ ಏಳರ ಸರದಿ ಬರುವಷ್ಟರಲ್ಲಿ ಅವು ಕ್ಯಾಶ್‌ನಿಂದ (ಪ್ರೊಸೆಸರ್ ಪಕ್ಕದ ಪುಟ್ಟ, ವೇಗದ ಮೆಮೊರಿ) ಆಚೆ ಹೋಗಿರುತ್ತವೆ. ಮೂಟೆ ಅಕ್ಕಿ ತಂದು ಒಂದು ಹಿಡಿ ಬೇಯಿಸಿದ ಹಾಗೆ.

ಇಂಥ ಬದಲಾವಣೆಯನ್ನು ಕಂಪೈಲರೇ ಹುಡುಕಬೇಕು, ಉತ್ತರ ಕೆಡುವುದಿಲ್ಲ ಅಂತ ಖಾತ್ರಿಯೂ ಮಾಡಿಕೊಳ್ಳಬೇಕು. ಕಷ್ಟ ಇರೋದು ಇಲ್ಲೇ. ಈಗ ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಉದಯ್ ಬೊಂದುಗುಲ ಅವರ ಪ್ಲೂಟೋ ಅನ್ನೋ, ಲೂಪ್‌ಗಳನ್ನು ತಾನೇ ಬದಲಿಸುವ ಸಾಧನ 2008ರಲ್ಲೇ ಇದಕ್ಕೆ ಒಳ್ಳೆ ದಾರಿ ತೋರಿಸಿತು. ಆದರೆ ಹೊಸ ಜಿಪಿಯು, ಹೊಸ ಎಐ ಚಿಪ್ ಬಂದ ಹಾಗೆಲ್ಲ ಲೆಕ್ಕ ಮತ್ತೆ ಶುರು.

ನನ್ನ ದಿನಚರಿ ಅಂದರೆ ಜಾಸ್ತಿ ಹೊತ್ತು ಅಸೆಂಬ್ಲಿ, ಅಂದರೆ ಕಂಪೈಲರ್ ಕೊಡುವ ಯಂತ್ರಸೂಚನೆಗಳ ಪಟ್ಟಿ, ದಿಟ್ಟಿಸೋದೇ. ಒಮ್ಮೆ ನನ್ನ ಕೋಡ್ ನೂರು ಪಟ್ಟು ವೇಗವಾಯ್ತು ಅಂತ ಲ್ಯಾಬ್‌ನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಸಂಜೆ ನೋಡಿದರೆ, ಫಲಿತಾಂಶವನ್ನು ಎಲ್ಲೂ ಪ್ರಿಂಟ್ ಮಾಡಿಲ್ಲ ಅಂತ ಕಂಪೈಲರ್ ಇಡೀ ಲೂಪನ್ನೇ ಅಳಿಸಿಹಾಕಿತ್ತು!