ನೇತ್ರಾಣಿ ಡೈವಿಂಗ್ ಮೊದಲು, ದಾಂಡೇಲಿ ಸಫಾರಿ ಆಮೇಲೆ

ಗದಗದಿಂದ ಮೂರು ದಿನಕ್ಕ ಹೊರಟು ಮೊದಲು ದಾಂಡೇಲಿ, ಕೊನೇ ದಿನ ಬೆಳಿಗ್ಗೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್, ಸಂಜೆಗೆ ಊರು ಅಂತ ಬರೆದೀರಿ. ಈಜು ಬರದಿದ್ರ ಅಡ್ಡಿ ಏನು ಅಂತಾನೂ ಕೇಳೀರಿ.

ಈ ಕ್ರಮ ತಿರುಗಿಸ್ರಿ. ನೀರೊಳಗ ಒತ್ತಡಕ್ಕ ಸಾರಜನಕ ಮೈಯಲ್ಲಿ ಕರಗಿರ್ತದ, ಅದು ನಿಧಾನಕ್ಕ ಹೊರಬರಬೇಕು. ಅದಕ್ಕ ಮೊದಲೇ ಎತ್ತರಕ್ಕ ಹೋದ್ರ ಗಾಳಿಯ ಒತ್ತಡ ಕಡಿಮೆಯಾಗಿ ಅದು ಮೈಯೊಳಗೇ ಗುಳ್ಳೆ ಆಗಬಹುದು. ಹುಬ್ಬಳ್ಳಿ, ಗದಗ 600 ಮೀಟರಿಗಿಂತ ಎತ್ತರದಲ್ಲಿವೆ. ಒಂದೇ ಡೈವ್ ಆದ್ರ ಕನಿಷ್ಠ 12 ತಾಸು, ಎರಡಾದ್ರ 18 ತಾಸು ಬಿಟ್ಟು ಘಟ್ಟ ಏರ್ರಿ. ಅದಕ್ಕ ಮೊದಲ ದಿನ ಮುರುಡೇಶ್ವರ ಸೇರಿ, ಎರಡನೇ ದಿನ ಬೆಳಿಗ್ಗೆ ಡೈವ್ ಮಾಡಿ, ರಾತ್ರಿ ಅಲ್ಲೇ ಇರ್ರಿ. ಮೂರನೇ ದಿನ ನಸುಕಿಗೆ ಅಂಕೋಲಾ, ಯಲ್ಲಾಪುರದ ಮೇಲೆ ದಾಂಡೇಲಿ. ಸಂಜೆ ಸಫಾರಿಯ ಜೀಪ್ ಮುಂಗಡ ಬುಕ್ ಆಗಿರಲಿ.

ಈಜು ಬರಬೇಕಿಲ್ಲ, ಬೋಧಕರು ಜೊತೆಗೇ ಇರ್ತಾರ, ಮೊದಲ ಸಲದವರನ್ನ 12 ಮೀಟರಿಗಿಂತ ಕೆಳಗ ಒಯ್ಯಬಾರದು. ತೊಂದರೆ ಕೊಡೋದು ಕಿವಿ. ನೋವು ಶುರುವಾಗೋ ಮೊದಲೇ, ಪ್ರತಿ ಮೀಟರಿಗೂ ಮೂಗು ಹಿಡಿದು ಮೆಲ್ಲಗ ಊದ್ರಿ. ಕಿವಿ ತೆರೀದಿದ್ರ ಒಂದು ಮೀಟರ್ ಮೇಲೆ ಬಂದು ಮತ್ತ ಪ್ರಯತ್ನಿಸ್ರಿ, ಜೋರು ಮಾಡಬೇಡ್ರಿ. ನೆಗಡಿ ಇದ್ರ ಅವತ್ತು ಇಳಿಯೋದೇ ಬೇಡ. ಉಸಿರು ಯಾವತ್ತೂ ಹಿಡೀಬಾರದು, ಮೇಲೆ ಬರುವಾಗಂತೂ ಪುಪ್ಪುಸಕ್ಕೇ ಪೆಟ್ಟು. ಅಸ್ತಮಾ, ಹೃದಯದ ಕಾಯಿಲೆ ಇದ್ದವರು ವೈದ್ಯರ ಒಪ್ಪಿಗೆ ತಗೊಂಡೇ ಹೋಗ್ರಿ.

ನೇತ್ರಾಣಿಗೆ ದೋಣಿಯಲ್ಲಿ ತಾಸಿನ ಮೇಲೆ ಹಿಡೀತದ. ಹೊಟ್ಟೆ ತೊಳಸೋರು ಎರಡು ಇಡ್ಲಿ ತಿಂದು, ದೋಣಿ ಹತ್ತೋ ಒಂದು ತಾಸು ಮೊದಲೇ ವಾಂತಿ ತಡೆಯೋ ಗುಳಿಗೆ ನುಂಗ್ರಿ. ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ಮಳೆಗಾಲದಲ್ಲಿ ಡೈವಿಂಗ್ ಇರೋದಿಲ್ಲ, ಡಿಸೆಂಬರ್–ಜನವರಿ ನೋಡ್ರಿ.