ಶರಣ ಗೋಷ್ಠಿಯ ಮುಂದಾಳು ಸಾಮಾಜಿಕ ನ್ಯಾಯದ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕು?

ದಾವಣಗೆರೆಯ ನಿಮ್ಮ ಬಡಾವಣೆಯಲ್ಲಿ ವಾರಕ್ಕೊಮ್ಮೆ ಸೇರುವ, ಜಾತಿ ಕೇಳದೆ ಎಲ್ಲರನ್ನೂ ಬರಮಾಡಿಕೊಳ್ಳುವ ಶರಣ ಗೋಷ್ಠಿಯೊಂದರ ಹೊಣೆ ನಿಮ್ಮ ಮೇಲೆ ಬಿದ್ದಿದೆ ಎಂದೂ, ಅದನ್ನು ವಚನ ಪಠಣ ಮತ್ತು ಪ್ರಸಾದಕ್ಕಷ್ಟೇ ನಿಲ್ಲಿಸದೆ ನ್ಯಾಯದ ಕೆಲಸಕ್ಕೂ ಒಯ್ಯೋಣವೆಂದರೆ ಹಿರಿಯ ಸದಸ್ಯರು “ಇಲ್ಲಿ ರಾಜಕೀಯ ಬೇಡ” ಎನ್ನುತ್ತಾರೆಂದೂ ಬರೆದಿದ್ದೀರಿ. ಚಿತ್ರದುರ್ಗದಲ್ಲಿ ಇಂಥದೇ ಗೋಷ್ಠಿಯ ಸಮಿತಿಯಲ್ಲಿ ಬಹಳ ವರ್ಷ ಇದ್ದವನಾಗಿ ನನಗೆ ಖಚಿತವಾಗಿರುವ ಮಾತನ್ನು ಮೊದಲೇ ಹೇಳುತ್ತೇನೆ. ನೊಂದವರ ಪರವಾಗಿ ವೇದಿಕೆಯಲ್ಲಿ ಮಾತನಾಡುವ ಮುನ್ನ, ಗೋಷ್ಠಿಯೊಳಗೆ ತೀರ್ಮಾನ ಯಾರದು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಅಡುಗೆಮನೆಯೊಳಗೆ ಯಾರು ಹೋಗಬಹುದು ಎಂಬುದನ್ನು ಬದಲಿಸಿ. ಅದು ಬದಲಾಗದೆ ಹೊರಗೆ ಮಾಡುವ ಕೆಲಸವೆಲ್ಲ ದಾನವಾಗಿಯೇ ಉಳಿಯುತ್ತದೆ.

ನಿಮ್ಮ ಊರಿಗೆ ಇದು ಹೊಸದಲ್ಲ. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಆಚರಣೆಯಾಗಿ ಆರಂಭಿಸಿದವರು ಹರ್ಡೇಕರ ಮಂಜಪ್ಪನವರು ಮತ್ತು ಆ ಮಠದ ಮೃತ್ಯುಂಜಯ ಸ್ವಾಮಿಗಳು. ಮಂಜಪ್ಪನವರಿಗೆ ಪೀಠವಿರಲಿಲ್ಲ, ಅವರು ‘ಧನುರ್ಧಾರಿ’ ಪತ್ರಿಕೆ ನಡೆಸುತ್ತಿದ್ದವರು. ವಿಚಾರ ಪತ್ರಕರ್ತನದು, ಅಂಗಳ ಮಠದ್ದು. ಸ್ವಾಮಿಗಳು ತಮಗಿದ್ದ ಗೌರವವನ್ನು ಇನ್ನೊಬ್ಬರ ವಿಚಾರಕ್ಕೆ ಆಸರೆಯಾಗಿ ಕೊಟ್ಟದ್ದೇ ಇಲ್ಲಿ ದೊಡ್ಡದು ಎಂದು ನಾನು ತಿಳಿದಿದ್ದೇನೆ, ಏಕೆಂದರೆ ಧಾರ್ಮಿಕ ಮುಂದಾಳುತನವೆಂದರೆ ಎಲ್ಲವನ್ನೂ ತಾವೇ ಹೇಳುವುದು ಎಂಬ ಅಭ್ಯಾಸ ನಮ್ಮಲ್ಲಿ ಈಗಲೂ ಬಲವಾಗಿದೆ.

ಕೆಲವು ವರ್ಷಗಳ ಹಿಂದೆ ನಿಮ್ಮ ಊರಿನ ಮಂಡಕ್ಕಿ ಭಟ್ಟಿಗಳ ಕೆಲಸಗಾರರೊಡನೆ ಒಂದು ಗೋಷ್ಠಿ ನಡೆದಾಗ ನಾನೂ ಹೋಗಿದ್ದೆ. ಮೊದಲು ಅದನ್ನು ಸಂಜೆ ಕಲ್ಯಾಣ ಮಂಟಪದಲ್ಲಿ ಇಟ್ಟಿದ್ದರು. ಬೆಳಗಿನ ಜಾವವೇ ಒಲೆ ಹೊತ್ತಿಸಬೇಕಾದವರು ರಾತ್ರಿಯ ಸಭೆಗೆ ಹೇಗೆ ಬಂದಾರು ಎಂದು ಅಲ್ಲಿನ ಒಬ್ಬ ಹೆಣ್ಣುಮಗಳು ಕೇಳಿದ ಮೇಲೆ, ಮಧ್ಯಾಹ್ನ ಭಟ್ಟಿಯ ಮುಂದಿನ ಬಯಲಿಗೇ ಬದಲಾಯಿಸಿದರು. ಬಂದವರಲ್ಲಿ ಹೆಚ್ಚಿನವರು ಮುಸ್ಲಿಂ ಹೆಂಗಸರು. ಸ್ವಾಮಿಗಳೊಬ್ಬರು ಕುರ್ಚಿ ಬೇಡವೆಂದು ಅವರ ಜಮಖಾನದ ಮೇಲೆಯೇ ಕೂತು, ಬಹಳ ಹೊತ್ತು ಆಶೀರ್ವಚನದ ಮಾತೆತ್ತದೆ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದರು. ಒಬ್ಬಾಕೆ ಸೆರಗು ಸರಿಸಿ, ಕಾದ ಮರಳು ಸಿಡಿದು ಮುಂಗೈ ತುಂಬ ಆಗಿದ್ದ ಕಪ್ಪು ಚುಕ್ಕೆಗಳನ್ನು ತೋರಿಸಿದರು; ಇನ್ನೊಬ್ಬರು, ಮಗಳ ಮದುವೆಗೆ ಪಡೆದ ಮುಂಗಡ ತೀರುವವರೆಗೆ ಬೇರೆ ಭಟ್ಟಿಗೆ ಹೋಗುವಂತಿಲ್ಲ ಎಂದರು. ನಮ್ಮವರು ಹಂಚಲೆಂದು ಸೀರೆಗಳನ್ನು ತಂದಿದ್ದರು. ಅವರಿಗೆ ಬೇಕಿದ್ದದ್ದು ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಾದ ಇ-ಶ್ರಮ್‌ನಲ್ಲಿ ನೋಂದಣಿ, ಹೊಗೆ ಮನೆಯೊಳಗೆ ನುಗ್ಗದಂತೆ ಎತ್ತರದ ಚಿಮಣಿ, ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ಬಿಡಲು ಒಂದು ಜಾಗ. ಸೀರೆಗಳನ್ನು ವಾಪಸು ತಂದೆವು. ಮುಂದಿನ ವಾರದಿಂದ ನಮ್ಮ ಗೋಷ್ಠಿಯ ಇಬ್ಬರು ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ನೋಂದಣಿ ಮಾಡಿಸತೊಡಗಿದರು. ಬೇಡಿಕೆಯನ್ನು ಬರೆದವರು, ಅದರಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸಿದವರು ಆ ಹೆಂಗಸರೇ.

ಉದಾರಿಗಳೆಂದು ತಮ್ಮನ್ನು ಕರೆದುಕೊಳ್ಳುವ ಸಭೆಗಳು ಮುಗ್ಗರಿಸುವುದು ಈ ಜಾಗದಲ್ಲೇ, ಅದೂ ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಎಂಬ ಉದಾರ ಧಾರ್ಮಿಕ ಪಂಥದ ಸಭೆಗಳು ತಮ್ಮ ಧರ್ಮಬೋಧಕರನ್ನು ಮತ ಹಾಕಿ ಆರಿಸಿಕೊಳ್ಳುತ್ತವೆ. ಆ ಪಂಥದ ಜೇಮ್ಸ್ ರೀಬ್ ಎಂಬ ಬೋಧಕರು 1965ರ ಮಾರ್ಚ್‌ನಲ್ಲಿ ಕರಿಯರ ಮತದಾನದ ಹಕ್ಕಿನ ಹೋರಾಟಕ್ಕೆಂದು ಸೆಲ್ಮಾ ಪಟ್ಟಣಕ್ಕೆ ಹೋಗಿ, ದುಷ್ಕರ್ಮಿಗಳ ಹೊಡೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅಂಥ ತ್ಯಾಗವನ್ನು ಕಂಡ ಪಂಥವೇ, ಕರಿಯ ಸದಸ್ಯರು ತಾವೇ ನಿರ್ವಹಿಸುವ ಮಂಡಳಿಗೆ 10 ಲಕ್ಷ ಡಾಲರ್ ಕೊಡುವುದಾಗಿ 1968ರಲ್ಲಿ ಒಪ್ಪಿ, ಮುಂದೆ ಆ ಹಣದ ವಿಷಯದಲ್ಲೇ ಒಡೆದುಹೋಯಿತು. ಅನೇಕ ಕರಿಯ ಸದಸ್ಯರು ಹೊರನಡೆದರು. ಬೇರೆಯವರಿಗಾಗಿ ಬೀದಿಗಿಳಿಯುವುದಕ್ಕಿಂತ ಅವರ ಕೈಗೆ ಕೀಲಿಕೈ ಕೊಡುವುದು ಕಷ್ಟವೆಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಗೊತ್ತಿಲ್ಲ.

ನಮ್ಮ ಸೀಮೆಗೆ ಬಂದರೆ, ಚಿತ್ರದುರ್ಗದಲ್ಲಿ ಮಾದಾರ ಚೆನ್ನಯ್ಯ ಗುರುಪೀಠವಿದೆ, ಭೋವಿ ಗುರುಪೀಠವಿದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವಿದೆ. ಹಿಂದೆ ಮಠದ ಹೊಸ್ತಿಲಾಚೆ ನಿಲ್ಲಬೇಕಾಗಿದ್ದ ಸಮುದಾಯಗಳು ಈಗ ತಮ್ಮದೇ ಗುರುಗಳನ್ನು ಕಂಡುಕೊಂಡಿರುವುದನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ಎಲ್ಲ ಸ್ವಾಮಿಗಳು ಒಂದೇ ವೇದಿಕೆಯಲ್ಲಿ ಕೂತ ಮಾತ್ರಕ್ಕೆ ಹಳ್ಳಿಯ ಹೋಟೆಲಿನ ಲೋಟ, ಕ್ಷೌರದಂಗಡಿಯ ಕುರ್ಚಿ ಎಲ್ಲರಿಗೂ ಒಂದೇ ಆಗುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋದ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನು ದಲಿತರೆಂಬ ಕಾರಣಕ್ಕೆ ಊರೊಳಗೆ ಬಿಟ್ಟುಕೊಳ್ಳಲಿಲ್ಲ. ಸಂಸದರ ಪಾಡೇ ಹೀಗಾದರೆ ಕೂಲಿ ಮಾಡುವವನ ಪಾಡೇನು? ಇಂಥ ಕಡೆ ಕಾನೂನು ಒಂದು ಹಂತದವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಆ ಸಮುದಾಯವೇ ನಂಬುವ ಗುರು ತನ್ನ ಭಕ್ತರಿಗೆ ಎದುರಾಗಿ ನಿಂತು “ಇದು ತಪ್ಪು” ಎನ್ನಬೇಕಾಗುತ್ತದೆ. ತನ್ನ ಸಮುದಾಯದ ಪಾಲನ್ನು ಸರ್ಕಾರದಿಂದ ಕೇಳುವುದು ಸುಲಭ, ತನ್ನ ಸಮುದಾಯದ ಮುಂದೆ ಹೀಗೆ ಹೇಳುವುದು ಕಷ್ಟ. ನನ್ನ ಮಟ್ಟಿಗೆ ಮುಂದಾಳುತನದ ಪರೀಕ್ಷೆ ಅದೇ.

ರಾಜಿ ಪಂಚಾಯಿತಿಯ ಬಗ್ಗೆ ಒಂದು ಎಚ್ಚರಿಕೆ ಇರಲಿ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರಗಳಂದು ಹೊಲ, ಪಾಲು, ಸಂಸಾರದ ವ್ಯಾಜ್ಯಗಳು ಬಗೆಹರಿಯುವುದನ್ನು ನೀವು ಬಲ್ಲಿರಿ, ಮತ್ತು ಕೋರ್ಟಿಗೆ ಅಲೆಯಲಾಗದವರಿಗೆ ಅದು ದೊಡ್ಡ ಉಪಕಾರ. ಆದರೆ ನಿಮ್ಮ ಗೋಷ್ಠಿಗೆ ಜಾತಿ ದೌರ್ಜನ್ಯದ ಅಥವಾ ಮಗುವಿನ ಮೇಲಿನ ಲೈಂಗಿಕ ಕಿರುಕುಳದ ಸುದ್ದಿ ಬಂದರೆ ಅಲ್ಲಿ ರಾಜಿಯ ಮಾತೇ ಏಳಬಾರದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಇಂಥ ಕಿರುಕುಳದ ವಿಷಯ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. ಆರೋಪ ಬಂದದ್ದು ಗುರುಗಳ ಮೇಲೆಯೇ ಆಗಿರಲಿ, ಸಂಸ್ಥೆಯ ಮರ್ಯಾದೆ ಮಗುವಿಗಿಂತ ದೊಡ್ಡದಲ್ಲ. ಇದನ್ನು ಸಮಿತಿಯ ನಡಾವಳಿಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಿ.

ಇನ್ನು ಹಿರಿಯರ ಆಕ್ಷೇಪ. ಅವರ ಭಯ ನ್ಯಾಯವಾದದ್ದೇ, ಏಕೆಂದರೆ ಚುನಾವಣೆ ಬಂದಾಗ ಅಭ್ಯರ್ಥಿಗಳು ಹಾರ ಹಿಡಿದು ಬಂದು ಗೋಷ್ಠಿಗಳನ್ನು ತಮ್ಮದಾಗಿಸಿಕೊಳ್ಳುವುದನ್ನು ಅವರು ಕಂಡಿದ್ದಾರೆ. ಯಾವ ಪಕ್ಷದವರಿಗೂ ವೇದಿಕೆಯಿಲ್ಲ, ಯಾರಿಂದಲೂ ಚುನಾವಣೆಯ ದೇಣಿಗೆಯಿಲ್ಲ ಎಂದು ಮೊದಲ ಸಭೆಯಲ್ಲೇ ನಿರ್ಣಯ ಮಾಡಿ. ಪೌರಕಾರ್ಮಿಕರಿಗೆ ಕೈಗವಸು, ಬೂಟು ಕೊಡಿಸಿ ಎಂದು ಪಾಲಿಕೆಗೆ ಮನವಿ ಕೊಡುವುದು ಪಕ್ಷ ರಾಜಕೀಯವಲ್ಲ ಎಂಬುದನ್ನು ಆಮೇಲೆ ಅವರೇ ಒಪ್ಪುತ್ತಾರೆ. ಆ ಮನವಿ ಬರೆಯುವ ಮೊದಲು ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಇಬ್ಬರನ್ನಾದರೂ ಸಮಿತಿಗೆ ತೆಗೆದುಕೊಳ್ಳಿ, ಖಾತೆಯ ಚೆಕ್ಕಿಗೆ ಸಹಿ ಹಾಕುವವರಲ್ಲಿ ಅವರಲ್ಲೊಬ್ಬರ ಹೆಸರೂ ಇರಲಿ, ಮತ್ತು ಅವರ ಕೆಲಸದ ಹೊತ್ತು ನೋಡಿಕೊಂಡು ಸಭೆಯ ಸಮಯ ಇಡಿ.