ರಟ್ಟೆ ಮೇಲಕ್ಕೆ ಏಳ್ತಿಲ್ಲ ಡಾಕ್ಟ್ರೇ

ಪ್ರಶ್ನೆ: ನನಗೆ 49 ವರ್ಷ. ಬೆಟಗೇರಿಯಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ಮೂರ್ನಾಲ್ಕು ತಿಂಗಳಿಂದ ಬಲಗಡೆ ಭುಜ, ರಟ್ಟೆ ನೋವು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಈಗೀಗ ಹೆರಳು ಹಾಕಿಕೊಳ್ಳುವುದೂ ಕಷ್ಟ, ಬೆನ್ನು ತಿಕ್ಕಿಕೊಳ್ಳಲು ಕೈ ಹಿಂದೆ ಹೋಗಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಶುಗರ್ ಇದೆ. ಪಕ್ಕದ ಮನೆಯವರು ಕೈ ಎಳೆದು ಎಣ್ಣೆ ತಿಕ್ಕುವವರ ಹತ್ತಿರ ಹೋಗೋಣ ಅಂತಿದ್ದಾರೆ. ರೊಟ್ಟಿ ಬಡಿದೇ ಹೀಗಾಯ್ತಾ? ಕೆಲಸ ಬಿಡಬೇಕಾ?
- ಹೆಸರು ಬೇಡ, ಬೆಟಗೇರಿ

ಉತ್ತರ: ಅಕ್ಕಾರೆ, ಕೈ ಎಳೆಸಿಕೊಳ್ಳಲು ಮಾತ್ರ ಹೋಗಬೇಡಿ. ಎಣ್ಣೆ ಬೇಕಾದರೆ ಮನೆಯಲ್ಲೇ ಹಗುರವಾಗಿ ಹಚ್ಚಿಕೊಳ್ಳಿ.

ಮೊದಲು ಒಂದು ಸಣ್ಣ ಪರೀಕ್ಷೆ. ಮೊಣಕೈ ಮಡಚಿ ಸೊಂಟಕ್ಕೆ ಒತ್ತಿ ಹಿಡಿದು, ಮುಂಗೈಯನ್ನು ಬಾಗಿಲು ತೆಗೆದಂತೆ ಹೊರಗೆ ತಿರುಗಿಸಿ. ತಿರುಗಲಿಲ್ಲ ಅಂದರೆ ಮನೆಯವರು ಯಾರಾದರೂ ನಿಧಾನಕ್ಕೆ ತಿರುಗಿಸಿ ನೋಡಲಿ. ಅವರು ತಿರುಗಿಸಿದರೂ ಕೈ ಅಲ್ಲೇ ನಿಂತರೆ ಅದು ಬಹುಶಃ ಫ್ರೋಜನ್ ಶೋಲ್ಡರ್, ಅಂದರೆ ಕೀಲಿನ ಸುತ್ತಲಿನ ಚೀಲ ಬಿಗಿದುಕೊಂಡಿದೆ. 40ರಿಂದ 60ರೊಳಗಿನ ಹೆಂಗಸರಲ್ಲಿ ಇದು ಜಾಸ್ತಿ, ಶುಗರ್ ಇದ್ದವರಲ್ಲಿ ಇನ್ನೂ ಜಾಸ್ತಿ, ಥೈರಾಯ್ಡ್ ತೊಂದರೆ ಇದ್ದರೂ ಬರುತ್ತದೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದಕ್ಕೇ "ಏನೂ ಇಲ್ಲ" ಅಂದಿರಬಹುದು, ಹಾಗಂತ ನಿಮ್ಮ ನೋವು ಸುಳ್ಳಲ್ಲ.

ನಿಮಗೆ ಎತ್ತಲು ಆಗದೆ, ಬೇರೆಯವರು ಎತ್ತಿದರೆ ಕೈ ಸಲೀಸಾಗಿ ಮೇಲೆ ಹೋಗುತ್ತದೆ ಅಂದರೆ ಕಥೆ ಬೇರೆ. ಭುಜವನ್ನು ಹಿಡಿದು ತಿರುಗಿಸುವ ನಾಲ್ಕು ಸ್ನಾಯುಗಳಿವೆ, ಅವುಗಳ ತುದಿಯ ನಾರು ಸವೆದಿರಬಹುದು ಅಥವಾ ಹರಿದಿರಬಹುದು. ಕೈಯನ್ನು ಪಕ್ಕದಿಂದ ಎತ್ತುವಾಗ ಅರ್ಧ ದಾರಿಯಲ್ಲಿ ಚುಳ್ ಅಂದು, ಮೇಲೆ ಹೋದ ಮೇಲೆ ಕಡಿಮೆಯಾಗುವುದು ಇದರ ಗುರುತು. ದಿನವಿಡೀ ರೊಟ್ಟಿ ಬಡಿಯುವುದು, ತುಂಬಿದ ಕೊಡ ಎತ್ತುವುದು ಈ ನಾರಿಗೆ ಭಾರವೇ. ಆದರೆ ಭುಜ ಬಿಗಿದುಕೊಂಡಿದ್ದರೆ ತಪ್ಪನ್ನೆಲ್ಲ ರೊಟ್ಟಿ ಮೇಲೆ ಹಾಕೋಕಾಗಲ್ಲ, ಶುಗರ್ ಪಾಲು ಅದರಲ್ಲಿ ದೊಡ್ಡದು.

ಕೆಲಸ ಪೂರ್ತಿ ಬಿಡಬೇಡಿ, ಸ್ವಲ್ಪ ದಿನ ಕಡಿಮೆ ಮಾಡಿ. ಕೈಯನ್ನು ಜೋಳಿಗೆ ಕಟ್ಟಿ ಇಟ್ಟರೆ ಇನ್ನಷ್ಟು ಬಿಗಿಯುತ್ತದೆ. ಎಡಗೈಯನ್ನು ಮೇಜಿನ ಮೇಲೆ ಊರಿ, ಮುಂದೆ ಬಾಗಿ, ಬಲಗೈಯನ್ನು ಸಡಿಲವಾಗಿ ಇಳಿಬಿಟ್ಟು ಸಣ್ಣದಾಗಿ ಸುತ್ತಿಸಿ. ಗೋಡೆಯ ಮೇಲೆ ಬೆರಳು ನಡೆಸುತ್ತ ಆದಷ್ಟು ಮೇಲೆ ಹೋಗಿ. ಶಾಖ ಕೊಡುವಾಗ ಹುಷಾರು, ಶುಗರ್‌ನಿಂದ ಚರ್ಮ ಜಡವಾಗಿದ್ದರೆ ಸುಟ್ಟರೂ ಗೊತ್ತಾಗಲ್ಲ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ, ಕಿಡ್ನಿಗೆ ಕೆಟ್ಟದ್ದು. ಗದಗಿನ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯಲ್ಲಿ ಮೂಳೆ ವಿಭಾಗಕ್ಕೆ ಹೋಗಿ ತೋರಿಸಿ, ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕುತ್ತೇವೆ ಅಂದರೆ ಹೆದರಬೇಡಿ, ಆದರೆ ಆಮೇಲೆ ಕೆಲವು ದಿನ ಶುಗರ್ ಏರುತ್ತದೆ, ನೋಡಿಕೊಳ್ಳಿ. ವಾರದಲ್ಲಿ ವಾಸಿ ಮಾಡ್ತೀನಿ ಅನ್ನುವವರನ್ನು ನಂಬಬೇಡಿ. ಫ್ರೋಜನ್ ಶೋಲ್ಡರ್ ವಾಸಿಯಾಗಲು ಒಂದರಿಂದ ಮೂರು ವರ್ಷ ತೆಗೆದುಕೊಳ್ಳುವುದೂ ಉಂಟು.

ಪ್ರಶ್ನೆ: ಹಾವೇರಿ-ಹುಬ್ಬಳ್ಳಿ ಮಧ್ಯೆ ಟೆಂಪೋ ಓಡಿಸುತ್ತೇನೆ, ವಯಸ್ಸು 38. ಕುತ್ತಿಗೆಯಿಂದ ಎಡಗೈ ಬೆರಳಿನ ತನಕ ಸೆಳೆತ, ಜೋಮು. ಹಾರ್ಟ್ ಇರಬಹುದಾ ಅಂತ ಭಯ.
- ಓದುಗ, ಹಾವೇರಿ

ಉತ್ತರ: ಕುತ್ತಿಗೆ ಹೊರಳಿಸಿದಾಗ ಸೆಳೆತ ಜಾಸ್ತಿಯಾಗಿ, ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಹಾಯೆನಿಸಿದರೆ ಕುತ್ತಿಗೆಯ ನರ ಒತ್ತಿದೆ ಅನ್ನಿ. ಯಾವ ಬೆರಳು ಜೋಮು ಅಂತ ಗಮನಿಸಿ ಡಾಕ್ಟರಿಗೆ ಹೇಳಿ. ಹೆಬ್ಬೆರಳಾದರೆ ಸಾಮಾನ್ಯವಾಗಿ ಕುತ್ತಿಗೆಯ 6ನೇ ನರ, ನಡುಬೆರಳಾದರೆ 7, ಕಿರುಬೆರಳಾದರೆ 8. ಕೈಯ ಬಲ ಕುಗ್ಗಿ ಹಿಡಿದದ್ದು ಜಾರುತ್ತಿದ್ದರೆ ತಡ ಮಾಡಬೇಡಿ.

ಸಾಮಾನು ಎತ್ತಿದಾಗ, ಮೆಟ್ಟಿಲು ಹತ್ತಿದಾಗ ಬಂದು, ಸುಮ್ಮನೆ ನಿಂತರೆ ಹೋಗುವ ನೋವಾದರೆ ಹೃದಯದ್ದಿರಬಹುದು, ಇಸಿಜಿ ಮಾಡಿಸಲೇಬೇಕು. ಎದೆ ಬಿಗಿತ, ತಣ್ಣನೆ ಬೆವರು, ಉಸಿರುಕಟ್ಟು ಜೊತೆಗಿದ್ದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ನೀವೇ ಟೆಂಪೋ ಓಡಿಸಿಕೊಂಡು ಆಸ್ಪತ್ರೆಗೆ ಹೊರಡಲೂಬೇಡಿ. ಗಾಡಿ ಪಕ್ಕಕ್ಕೆ ನಿಲ್ಲಿಸಿ 108ಕ್ಕೆ ಫೋನ್ ಮಾಡಿ.